ಐದು ಡಾಲರಿಗೆ ಬಿಟ್ಟುಹೋದ ಹುಡುಗಿ



ಈ ಸಲ ಅಡಿಗೆಮನೆಯ ಮಾತು ಪಕ್ಕಕ್ಕಿಟ್ಟು ಒಂದು ಸಿನಿಮಾದ ವಿಷಯ ಹೇಳೋಣವೆಂದಿದ್ದೇನೆ. ಹೊಸದೇನಲ್ಲ. 1955ರಲ್ಲಿ ಅಮೆರಿಕದಲ್ಲಿ ತಯಾರಾದ ಕಪ್ಪು-ಬಿಳುಪು ಚಿತ್ರ. ಹೆಸರು ‘ಮಾರ್ಟಿ’. ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ. ನಾಯಕ ದಪ್ಪಗಿದ್ದಾನೆ, ನಾಯಕಿ ನೋಡಲು ತೀರಾ ಸಾಧಾರಣ. ಇಬ್ಬರೂ ಒಂದು ಮರವನ್ನೂ ಸುತ್ತುವುದಿಲ್ಲ. ಶನಿವಾರ ಶುರುವಾದ ಕಥೆ ಭಾನುವಾರ ರಾತ್ರಿಗೆ ಮುಗಿಯುತ್ತದೆ.

ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಳು. ಅವರ ಇಂಗ್ಲಿಷು ನನ್ನ ಕಿವಿಗೆ ಹತ್ತುವುದಿಲ್ಲ. ಕೆಳಗೆ ಬರುವ ಅಕ್ಷರ ಓದಿಕೊಳ್ಳುತ್ತಾ, ಗೊತ್ತಾಗದ ಕಡೆ ನಿಲ್ಲಿಸಿ ಅವಳನ್ನು ಕೇಳುತ್ತಾ ನೋಡಿದೆ. ಎರಡನೆಯ ಸಲ ನೋಡುವಾಗ ಯಾರನ್ನೂ ಕೇಳಬೇಕಾಗಲಿಲ್ಲ. ಅಷ್ಟು ನಮ್ಮ ಮನೆಗಳ ಹತ್ತಿರದ ಮಾತುಗಳು ಅವು.

ಕಥೆ ತಿರುಗುವುದು ಒಂದು ‘ಬ್ಲೈಂಡ್ ಡೇಟ್’ ಮೇಲೆ. ಹಾಗಂದರೇನು ಅಂತೀರಾ? ಗಂಡಿಗೆ ಹೆಣ್ಣಿನ ಗುರುತಿಲ್ಲ, ಹೆಣ್ಣಿಗೆ ಗಂಡಿನ ಗುರುತಿಲ್ಲ. ಇಬ್ಬರನ್ನೂ ಬಲ್ಲ ಮೂರನೆಯವರು ಯಾರೋ ‘ನೀವಿಬ್ಬರೂ ಒಂದು ಸಂಜೆ ಎಲ್ಲಾದರೂ ಹೋಗಿಬನ್ನಿ’ ಅಂತ ಗೊತ್ತುಮಾಡಿಕೊಡುತ್ತಾರೆ. ನಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೆ ದೂರದ ನೆಂಟು ಅನ್ನಬಹುದು. ಆದರೆ ಅಲ್ಲಿ ಚಾಪೆ ಹಾಸಿ ಕೂತ ಹಿರಿಯರಿಲ್ಲ, ತಟ್ಟೆಯಲ್ಲಿ ಉಪ್ಪಿಟ್ಟು ಕೇಸರಿಭಾತಿಲ್ಲ. ಗಂಡಿಗೆ ಹುಡುಗಿ ಹಿಡಿಸದೆ ಹೋದರೆ ನಡುವೆ ನಿಂತು ಅವಳ ಮಾನ ಉಳಿಸುವವರೂ ಇಲ್ಲ.

ನ್ಯೂಯಾರ್ಕ್ ನಗರದಲ್ಲಿ ಬ್ರಾಂಕ್ಸ್ ಅಂತ ಒಂದು ಭಾಗವಿದೆ. ಇಟಲಿಯಿಂದ ಬಂದು ನೆಲೆಸಿದ ಸಂಸಾರಗಳು ಅಲ್ಲಿ ಬಹಳ. ಅಂಥದೊಂದು ಸಂಸಾರದ ಹಿರಿಮಗ ಮಾರ್ಟಿ. ವಯಸ್ಸು 34. ತಂದೆ ಇಲ್ಲ. ತಮ್ಮಂದಿರು, ತಂಗಿಯರು ಎಲ್ಲರ ಮದುವೆಯೂ ಆಗಿಹೋಗಿದೆ. ಕೊನೆಯ ತಮ್ಮನದು ಮೊನ್ನೆ ಮೊನ್ನೆ ಆಗಿದ್ದು. ಇವನೊಬ್ಬ ಉಳಿದಿದ್ದಾನೆ, ವಿಧವೆ ತಾಯಿಯ ಜೊತೆ.

ಸಿನಿಮಾ ಶುರುವಾಗುವುದೇ ಮಾಂಸದಂಗಡಿಯಲ್ಲಿ. ಅಂಗಡಿಯ ಮಾತಿಗೇ ಮೂಗು ಮುಚ್ಚಿಕೊಳ್ಳುವ ಓದುಗರಿದ್ದೀರಿ, ಗೊತ್ತು. ಎರಡು ನಿಮಿಷ ತಡೆದುಕೊಳ್ಳಿ. ಗಿರಾಕಿಗಳೆಲ್ಲ ಹೆಂಗಸರು. ಮಾರ್ಟಿ ತೂಗಿ ಪೊಟ್ಟಣ ಕಟ್ಟುತ್ತಾನೆ. ಅವರು ತಮ್ಮನ ಮದುವೆ ಚೆನ್ನಾಯಿತಂತೆ ಅನ್ನುತ್ತಾರೆ, ಆಮೇಲೆ ನಿನ್ನದು ಯಾವಾಗಪ್ಪ, ನಾಚಿಕೆಯಾಗುವುದಿಲ್ಲವೇ ಅನ್ನುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಅದನ್ನೇ ಕೇಳುತ್ತಾರೆ. ಅವನು ನಗುತ್ತಲೇ ಚಿಲ್ಲರೆ ಎಣಿಸಿ ಕೊಡುತ್ತಾನೆ. ಕೇಳಿದವರಲ್ಲಿ ಒಬ್ಬಳೂ ಕೆಟ್ಟವಳಲ್ಲ. ಮದುವೆಮನೆಯಲ್ಲಿ, ದೇವಸ್ಥಾನದ ಪೌಳಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನಾವು ಕೇಳುವುದಿಲ್ಲವೇ, ಹಾಗೆಯೇ. ಕೇಳುವವಳಿಗೆ ಅದು ಒಂದೇ ಸಲ. ಕೇಳಿಸಿಕೊಳ್ಳುವವನಿಗೆ ದಿನಕ್ಕೆ ಎಷ್ಟು ಸಲವೋ.

ಶನಿವಾರ ಸಂಜೆ. ಮಾರ್ಟಿಯ ಗೆಳೆಯ ಆಂಜಿ ಅನ್ನುವವನೂ ಬ್ರಹ್ಮಚಾರಿಯೇ. ಈ ರಾತ್ರಿ ಏನು ಮಾಡೋಣ ಅಂತ ಇವನು ಕೇಳುತ್ತಾನೆ, ನೀನೇ ಹೇಳು ಅಂತ ಅವನು. ಮತ್ತೆ ಇವನು, ಮತ್ತೆ ಅವನು. ನೋಡುವಾಗ ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ಅಯ್ಯೋ ಅನ್ನಿಸುತ್ತದೆ. ಎಂದೋ ಸಿನಿಮಾ ಥಿಯೇಟರಿನಲ್ಲಿ ಪರಿಚಯವಾದ ಒಬ್ಬ ಹುಡುಗಿಗೆ ಮಾರ್ಟಿ ಫೋನ್ ಮಾಡುತ್ತಾನೆ. ಅವಳ ಮಾತು ನಮಗೆ ಕೇಳಿಸುವುದಿಲ್ಲ. ಇವನ ಮುಖವೊಂದೇ ಕಾಣುವುದು. ಈ ಶನಿವಾರ ಆಗೊಲ್ಲ, ಮುಂದಿನ ಶನಿವಾರವೂ ಆಗೊಲ್ಲ. ರಿಸೀವರ್ ಕೈಯಲ್ಲೇ ಇದ್ದಂತೆ ಅವನ ಕಣ್ಣು ಮುಚ್ಚಿಕೊಳ್ಳುತ್ತದೆ.

ಆ ರಾತ್ರಿ ಊಟಕ್ಕೆ ಕೂತಾಗ ತಾಯಿ ಥೆರೆಸಾ ‘ಸ್ಟಾರ್‌ಡಸ್ಟ್ ಬಾಲ್‌ರೂಮ್’ ಎಂಬ ನೃತ್ಯಶಾಲೆಗೆ ಹೋಗು, ಅಲ್ಲಿ ಹುಡುಗಿಯರು ಬೇಕಾದಷ್ಟು ಬರುತ್ತಾರಂತೆ ಅಂತ ಹಟ ಹಿಡಿಯುತ್ತಾಳೆ. ಅವಳಿಗೆ ಹಾಗಂತ ಹೇಳಿಕೊಟ್ಟವನು ಅವಳ ಅಕ್ಕನ ಮಗ ಟಾಮಿ. ಮಾರ್ಟಿಗೆ ದುಃಖ ಉಕ್ಕುತ್ತದೆ. ನಾನು ದಪ್ಪ, ಕುರೂಪಿ, ಹುಡುಗಿಯರಿಗೆ ನನ್ನಲ್ಲಿ ಬೇಕಾದ್ದೇನೂ ಇಲ್ಲ, ಇದು ಇಷ್ಟು ವರ್ಷಕ್ಕೆ ನನಗೆ ಅರ್ಥವಾಗಿದೆ, ನಿನಗೆ ಯಾಕಮ್ಮಾ ಅರ್ಥವಾಗೊಲ್ಲ ಎಂದು ತಾಯಿಯ ಮುಂದೆ ಕೂಗಾಡಿಬಿಡುತ್ತಾನೆ. ಆಮೇಲೆ ಎದ್ದು, ಸೂಟು ಹಾಕಿಕೊಂಡು, ಹೋಗುತ್ತಾನೆ. ತಾಯಿ ಹೇಳಿದಳೆಂದು ಹೋಗುತ್ತಾನೆ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಆ ನೃತ್ಯಶಾಲೆಗೆ ಅದೇ ರಾತ್ರಿ ಬ್ಲೈಂಡ್ ಡೇಟಿಗೆಂದು ಬಂದವಳು ಕ್ಲಾರಾ. 29 ವರ್ಷ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವಳು. ಕರೆದುಕೊಂಡು ಬಂದವನು ಒಳ್ಳೇ ಸೂಟು ತೊಟ್ಟ ಚೆಲುವ. ಅವನಿಗೆ ಅಲ್ಲಿ ಹಳೆಯ ಪರಿಚಯದ ಇನ್ನೊಬ್ಬ ಸುಂದರಿ ಸಿಕ್ಕಿಬಿಡುತ್ತಾಳೆ. ಈಗ ಈ ಟೀಚರನ್ನು ಸಾಗಹಾಕಬೇಕು. ಒಂಟಿಯಾಗಿ ನಿಂತಿದ್ದ ಮಾರ್ಟಿಯ ಹತ್ತಿರ ಬಂದು ಮೆಲ್ಲಗೆ ವ್ಯಾಪಾರ ಕುದುರಿಸುತ್ತಾನೆ: ಐದು ಡಾಲರ್ ಕೊಡುತ್ತೇನೆ, ಅವಳನ್ನು ಮನೆಗೆ ಬಿಟ್ಟುಬಿಡುತ್ತೀಯಾ? ಆ ಕಾಲದ ಹುಡುಗರು ರೂಪವಿಲ್ಲದ ಹುಡುಗಿಯನ್ನು ‘ನಾಯಿ’ ಅನ್ನುತ್ತಿದ್ದರು. ಇವನೂ ಅದೇ ಮಾತು ಬಳಸುತ್ತಾನೆ, ಏನೂ ಅಲ್ಲವೆಂಬಂತೆ.

ಮಾರ್ಟಿ ಹೌಹಾರುತ್ತಾನೆ. ಹುಡುಗಿಗೆ ಹಾಗೆಲ್ಲ ಮಾಡಬಾರದು ಅನ್ನುತ್ತಾನೆ. ಅವನು ಕೇಳಬೇಕಲ್ಲ! ಇನ್ನೊಬ್ಬನನ್ನು ಹಿಡಿದು, ಹಣ ಕೊಟ್ಟು, ‘ಇವನು ನನ್ನ ಹಳೆಯ ಗೆಳೆಯ’ ಅಂತ ಕ್ಲಾರಾಳ ಮುಂದೆ ತಂದು ನಿಲ್ಲಿಸುತ್ತಾನೆ. ಅವಳು ಪೆದ್ದಿಯಲ್ಲ. ಒಂದು ಕ್ಷಣದಲ್ಲಿ ತಿಳಿದುಕೊಳ್ಳುತ್ತಾಳೆ. ಬೇಡ ಅನ್ನುತ್ತಾಳೆ. ಬಂದವನು ನನ್ನ ಹಣ ಅನ್ನುವಂತೆ ತಿರುಗಿ ಹೋಗುತ್ತಾನೆ. ಅವಳು ಜನರ ನಡುವೆ ಅಳಬಾರದೆಂದು ತುಟಿ ಬಿಗಿಹಿಡಿದು, ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಹೋಗಿ ನಿಲ್ಲುತ್ತಾಳೆ. ದೂರದಿಂದ ಎಲ್ಲ ನೋಡುತ್ತಿದ್ದ ಮಾರ್ಟಿ ಹಿಂದೆಯೇ ಹೋಗುತ್ತಾನೆ. ಸಂಕೋಚದಿಂದ, ನನ್ನ ಜೊತೆ ಕುಣಿಯುತ್ತೀರಾ ಅಂತ ಕೇಳುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ತಿರುಗಿ ಆ ಅಪರಿಚಿತನ ಹೆಗಲಿಗೆ ಮುಖವಿಟ್ಟು ಅತ್ತುಬಿಡುತ್ತಾಳೆ.

ಈ ಜಾಗದಲ್ಲಿ ನನಗೆ ಗಂಟಲು ಕಟ್ಟಿತು. ಹಿಡಿಸದ ಹುಡುಗಿಯನ್ನು ಬೇಡ ಅನ್ನುವುದು ತಪ್ಪಲ್ಲ. ಯಾರಿಗೆ ಯಾರು ಹಿಡಿಸಬೇಕೆಂದು ಕಟ್ಟಳೆಯಿಲ್ಲ. ಬೆಲೆ ಕಟ್ಟಿದನಲ್ಲ, ಅದು. ಆ ಮನುಷ್ಯ ಕೂಗಾಡುವುದಿಲ್ಲ, ಕೈ ಎತ್ತುವುದಿಲ್ಲ. ಅವನಿಗೆ ಹೆಸರು ಕೇಳುವ ನೆನಪೂ ನಮಗೆ ಉಳಿಯುವುದಿಲ್ಲ.

ಕಥೆ ಬರೆದವರು ಪ್ಯಾಡಿ ಚಯೆಫ್‌ಸ್ಕಿ. ಇದು ಅವರಿಗೆ ಹೊಳೆದ ಬಗೆಯೂ ಚೆನ್ನಾಗಿದೆ. ಒಂದು ಹೋಟೆಲಿನ ನೃತ್ಯದ ಹಜಾರದಲ್ಲಿ ಟಿ.ವಿ. ನಾಟಕದ ತಾಲೀಮು ನಡೆಯುತ್ತಿತ್ತಂತೆ. ಮದುವೆಯಾಗದವರು ಸೇರುವ ಒಂದು ಕ್ಲಬ್ಬು ಅದೇ ಹಜಾರದಲ್ಲಿ ಕೂಡುತ್ತಿತ್ತು. ಅವರು ಗೋಡೆಗೆ ಹಚ್ಚಿದ್ದ ಸೂಚನೆಯೊಂದು ಚಯೆಫ್‌ಸ್ಕಿಯವರ ಕಣ್ಣಿಗೆ ಬಿತ್ತು. ಬಂದು ಕರೆದ ಗಂಡಸಿನ ಜೊತೆ ಕುಣಿಯಿರಿ, ಗಂಡಸರಿಗೂ ಮನಸ್ಸೆಂಬುದಿದೆ ಅಂತ ಹುಡುಗಿಯರಿಗೆ ಹೇಳುವ ಸೂಚನೆ. ಅದರಿಂದ ಹುಟ್ಟಿದ್ದು ಟಿ.ವಿ. ನಾಟಕ. 1953ರ ಮೇ ತಿಂಗಳಲ್ಲಿ ಪ್ರಸಾರವಾಯಿತು. ಅದರಲ್ಲಿ ಮಾರ್ಟಿಯಾಗಿದ್ದವರು ರಾಡ್ ಸ್ಟೈಗರ್. ನಿರ್ದೇಶಿಸಿದ ಡೆಲ್ಬರ್ಟ್ ಮಾನ್ ಅವರೇ ಎರಡು ವರ್ಷದ ಮೇಲೆ ಸಿನಿಮಾವನ್ನೂ ಮಾಡಿದರು.

ಹಣ ಹಾಕಿದ್ದು ದೊಡ್ಡ ಸ್ಟುಡಿಯೋ ಅಲ್ಲ. ನಟ ಬರ್ಟ್ ಲ್ಯಾಂಕಾಸ್ಟರ್ ಮತ್ತು ಹೆರಾಲ್ಡ್ ಹೆಕ್ಟ್ ಎಂಬ ಇಬ್ಬರ ಸ್ವಂತ ಕಂಪನಿ. ಖರ್ಚು ಸುಮಾರು ಮೂರೂವರೆ ಲಕ್ಷ ಡಾಲರ್. ಅಲ್ಲಿಯ ಲೆಕ್ಕಕ್ಕೆ ಇದು ಬಡವರ ಮನೆಯ ಮದುವೆ. ಆ ಬಡವರ ಮನೆಯ ಮದುವೆಗೆ 1955ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಮೊದಲ ಬಹುಮಾನ ಬಂತು. ಮಾರನೆಯ ವರ್ಷ ಚಿತ್ರ, ನಿರ್ದೇಶನ, ನಟ, ಚಿತ್ರಕಥೆ ಎಂದು ನಾಲ್ಕು ಆಸ್ಕರ್ ಬಂದವು. ಮಾರ್ಟಿಯಾದ ಅರ್ನೆಸ್ಟ್ ಬೋರ್ಗ್‌ನೈನ್ ಅಲ್ಲಿಯವರೆಗೆ ಖಳನಾಯಕ! 1953ರ ಒಂದು ದೊಡ್ಡ ಚಿತ್ರದಲ್ಲಿ ಕೈದಿಯನ್ನು ಹೊಡೆಯುವ ಕ್ರೂರ ಸಾರ್ಜೆಂಟ್ ಆಗಿ ಜನರ ಶಾಪ ತಿಂದಿದ್ದವರು. ಅವರ ತಂದೆತಾಯಿಯೂ ಇಟಲಿಯವರೇ. ಹತ್ತು ವರ್ಷ ನೌಕಾಪಡೆಯಲ್ಲಿದ್ದು ಮನೆಗೆ ಬಂದವರಿಗೆ ‘ನೀನು ಯಾಕೆ ನಟನಾಗಬಾರದು’ ಅಂದವರು ಅವರ ತಾಯಿಯೇ ಅಂತೆ.

ಕ್ಲಾರಾ ಆಗಿರುವ ಬೆಟ್ಸಿ ಬ್ಲೇರ್ ಕಥೆ ಬೇರೆ. ಆ ದಿನಗಳಲ್ಲಿ ಎಡಪಂಥದವರೆಂದು ಗುಮಾನಿ ಬಂದ ನಟನಟಿಯರಿಗೆ ಕೆಲಸ ಕೊಡಬಾರದೆಂದು ಹಾಲಿವುಡ್‌ನಲ್ಲಿ ಪಟ್ಟಿ ಓಡಾಡುತ್ತಿತ್ತು. ಈಕೆಯ ಹೆಸರೂ ಅದರಲ್ಲಿತ್ತು. ವರ್ಷಗಟ್ಟಲೆ ಪಾತ್ರವಿಲ್ಲ. ಗಂಡ ಜೀನ್ ಕೆಲ್ಲಿ, ಹೆಸರಾಂತ ನೃತ್ಯಪಟು. ಈ ಪಾತ್ರ ಕೈತಪ್ಪುತ್ತದೆ ಅನ್ನುವಾಗ ಅವರು ತಮ್ಮ ಸ್ಟುಡಿಯೋದ ಮುಖ್ಯಸ್ಥರ ಬಳಿ ಹೋಗಿ, ನನ್ನ ಹೆಂಡತಿಗೆ ಈ ಪಾತ್ರ ಸಿಗದಿದ್ದರೆ ನಾನು ನಿಮ್ಮ ಚಿತ್ರದ ಕೆಲಸ ನಿಲ್ಲಿಸುತ್ತೇನೆ ಅಂದರಂತೆ. ಹಾಗೆ ಸಿಕ್ಕ ಪಾತ್ರ. ಎಲ್ಲರೂ ಬೇಡವೆಂದ ಹುಡುಗಿಯ ಮುಖ ಅವರಿಗೆ ಅಷ್ಟು ಸಲೀಸಾಗಿ ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಕಥೆಗೆ ಬರೋಣ. ಇಬ್ಬರೂ ಕುಣಿಯುತ್ತಾರೆ, ಮಾತಾಡುತ್ತಾರೆ. ಹೊರಗೆ ಬಂದು ನಡೆಯುತ್ತಾ ಮಾತಾಡುತ್ತಾರೆ. ಕಾಫಿ ಕುಡಿಯುತ್ತಾ ಮಾತಾಡುತ್ತಾರೆ. ಮಾತೆಲ್ಲ ಮಾರ್ಟಿಯದೇ! ಅವನಿಗೇ ನಾಚಿಕೆಯಾಗುವಷ್ಟು. ಇಷ್ಟು ದಿನ ಯಾರೂ ಕೇಳಿಸಿಕೊಂಡಿರಲಿಲ್ಲ ಅಂತ ಕಾಣುತ್ತದೆ. ಅಂಗಡಿಯ ಮಾಲಿಕ ಅಂಗಡಿ ಮಾರುತ್ತಿದ್ದಾನೆ, ಕೊಂಡುಕೊಳ್ಳಲೇ, ಸಾಲ ಮಾಡಲೇ ಅಂತ ಅವಳ ಸಲಹೆ ಕೇಳುತ್ತಾನೆ. ಅವಳಿಗೂ ಒಂದು ಯೋಚನೆ. ಪೋರ್ಟ್‌ಚೆಸ್ಟರ್ ಎಂಬ ಊರಿನ ಶಾಲೆಯಲ್ಲಿ ವಿಭಾಗದ ಮುಖ್ಯಸ್ಥೆಯ ಕೆಲಸ ಸಿಗುವುದರಲ್ಲಿದೆ. ತಂದೆತಾಯಿಯನ್ನು ಬಿಟ್ಟು ಹೋಗುವುದು ಹೇಗೆ? ನಿಮ್ಮ ತಂದೆತಾಯಿಗೆ ನೀವಿಲ್ಲದೆ ನಡೆಯುತ್ತದೆ, ನಿಮಗೇ ಹೆದರಿಕೆ, ಹೋಗಿ ಅನ್ನುತ್ತಾನೆ. ಗಂಡುಹೆಣ್ಣು ಮೊದಲ ಸಲ ಕೂತಾಗ ಇಷ್ಟು ಉಪಯೋಗದ ಮಾತಾಡುವುದನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ನಡುವೆ ಒಂದು ಕಸಿವಿಸಿಯೂ ಆಗುತ್ತದೆ. ಅವನು ಮುತ್ತು ಕೊಡಲು ಬರುತ್ತಾನೆ, ಅವಳು ಬೇಡ ಅನ್ನುತ್ತಾಳೆ, ಅವನು ಮುಖ ತಿರುಗಿಸುತ್ತಾನೆ. ಅವಳೇ ಧೈರ್ಯ ಮಾಡಿ, ನೀವು ಹಿಡಿಸದೆ ಬೇಡ ಅನ್ನಲಿಲ್ಲ, ಏನು ಮಾಡಬೇಕೋ ಗೊತ್ತಾಗಲಿಲ್ಲ, ನಿಮ್ಮನ್ನು ಮತ್ತೆ ನೋಡಬೇಕು ಅಂತ ಬಾಯಿಬಿಟ್ಟು ಹೇಳುತ್ತಾಳೆ. ನಾಳೆ ಮಧ್ಯಾಹ್ನ ಎರಡೂವರೆಗೆ ಫೋನ್ ಮಾಡುತ್ತೇನೆ ಅಂತ ಮಾರ್ಟಿ ಮಾತು ಕೊಡುತ್ತಾನೆ. ಅವಳನ್ನು ಮನೆಗೆ ಬಿಟ್ಟು ಬರುವಾಗ ಸಂತೋಷ ತಡೆಯಲಾರದೆ ಬಸ್‌ಸ್ಟಾಪಿನ ಫಲಕಕ್ಕೆ ಒಂದು ಏಟು ಹಾಕುತ್ತಾನೆ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಪುಟ ಬರೆಯುತ್ತಿರಲಿಲ್ಲ. ಇದೇ ರಾತ್ರಿ ಇನ್ನೊಂದು ಮನೆಯಲ್ಲಿ ಏನಾಗುತ್ತಿತ್ತು ನೋಡಿ.

ಮಾರ್ಟಿಗೆ ನೃತ್ಯಶಾಲೆಯ ದಾರಿ ತೋರಿಸಿದ ಟಾಮಿ ಇದ್ದಾನಲ್ಲ, ಅವನ ಹೆಂಡತಿ ವರ್ಜೀನಿಯಾ. ಕೈಗೂಸು ಇದೆ. ಚಿಕ್ಕ ಮನೆ. ಟಾಮಿಯ ತಾಯಿ ಕ್ಯಾಥರೀನ್ ಅವರ ಜೊತೆಗೇ. ಅವಳು ಥೆರೆಸಾಳ ಒಡಹುಟ್ಟಿದವಳು, ವಿಧವೆ. ಅತ್ತೆ ಸೊಸೆಗೆ ಆಗಿಬರುವುದಿಲ್ಲ. ಮಗುವಿನ ಹಾಲಿನ ವಿಷಯಕ್ಕೆ ಒಂದು ದಿನ ಜಗಳ ವಿಕೋಪಕ್ಕೆ ಹೋಗಿದೆ. ಅಮ್ಮನನ್ನು ನಿಮ್ಮ ಮನೆಗೆ ಕರಕೊಳ್ಳಿ ಚಿಕ್ಕಮ್ಮ ಅಂತ ಗಂಡಹೆಂಡತಿ ಥೆರೆಸಾಳ ಹತ್ತಿರ ಬಂದು ಅಂಗಲಾಚುತ್ತಾರೆ. ವರ್ಜೀನಿಯಾ ಜಗಳಗಂಟಿ ಅಲ್ಲ. ತನ್ನ ಮನೆಯಲ್ಲಿ ತನಗೆ ಉಸಿರಾಡಲು ಜಾಗವಿಲ್ಲ ಅಂತ ಅಳುವ ಚಿಕ್ಕ ಹುಡುಗಿ. ಒಳ್ಳೆ ಮನಸ್ಸಿನ ಥೆರೆಸಾ ಸರಿ, ಬರಲಿ ಅನ್ನುತ್ತಾಳೆ.

ಮಗ ನೃತ್ಯಶಾಲೆಗೆ ಹೋದ ಹೊತ್ತಿಗೆ ಅವಳು ಕ್ಯಾಥರೀನಳನ್ನು ಮಾತಾಡಿಸಲು ಹೋಗುತ್ತಾಳೆ. ಇಡೀ ಸಿನಿಮಾದಲ್ಲಿ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಇದು. ಕ್ಯಾಥರೀನ್ ಐವತ್ತು ದಾಟಿದ ಹೆಂಗಸು, ಅಷ್ಟೇ. ಹಾಸಿಗೆ ಹಿಡಿದವಳಲ್ಲ. ಬಾಯಿ ಬಲು ಕಹಿ. ಆದರೆ ಅವಳು ಹೇಳುವುದು ಏನು? ನನ್ನ ಕೈಯಲ್ಲಿ ಇನ್ನೂ ಶಕ್ತಿ ಇದೆ. ಅಡಿಗೆ ಮಾಡಬೇಕು, ಗುಡಿಸಿ ಸಾರಿಸಬೇಕು, ಮಕ್ಕಳಿಗೆ ಬಡಿಸಬೇಕು ಅನ್ನಿಸುತ್ತದೆ. ಮಾಡಲು ಬಿಡುವವರಿಲ್ಲ. ಬೆಂಕಿಯ ಮುಂದೆ ಮಲಗಿರುವ ಮುದಿ ನಾಯಿಯೇ ನಾನು? ಎಂದು ಕೇಳುತ್ತಾಳೆ.

ನಮ್ಮ ಅತ್ತೆಯವರು ಹೂ ಕಟ್ಟುತ್ತಾ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಇಂಗ್ಲಿಷಿನ ಗಂಧವಿಲ್ಲ. ಆ ಹೆಂಗಸು ಕೈಗಳನ್ನು ಮುಂದೆ ಚಾಚಿ ನೋಡಿಕೊಂಡು ಮಾತಾಡುವುದನ್ನು ಕಂಡು, ‘ಪಾಪ, ಅವಳಿಗೆ ಒಲೆ ಮುಂದೆ ಹೋಗೋಕೆ ಬಿಡ್ತಿಲ್ಲ ಅಲ್ವೇನೇ?’ ಅಂದರು. ನಾನು ಹೌದತ್ತೆ ಅಂದೆ. ಮಗಳು ನಮ್ಮಿಬ್ಬರ ಮುಖ ನೋಡಿ ಸುಮ್ಮನಾದಳು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಗಾದೆ ಇದೆ. ಅತ್ತೆಯ ಕಾಲ ಮುಗಿದ ಮೇಲೆ ಉಳಿಯುವ ಇಪ್ಪತ್ತು ಮೂವತ್ತು ವರ್ಷ ಏನು ಮಾಡಬೇಕು ಅನ್ನುವುದು ಗಾದೆಯಲ್ಲಿಲ್ಲ. ‘ನೀವು ಆರಾಮಾಗಿ ಕೂತಿರಿ’ ಅನ್ನುವುದು ಗೌರವ ಅಂತ ಸೊಸೆ ತಿಳಿಯುತ್ತಾಳೆ. ಕೂರಿಸಿದರು ಅಂತ ಅತ್ತೆ ತಿಳಿಯುತ್ತಾಳೆ. ಸೊಪ್ಪು ಬಿಡಿಸುವುದೋ, ಹುಳಿಪುಡಿಗೆ ಹುರಿಯುವುದೋ, ಒಂದು ಕೆಲಸ ಪೂರಾ ಅವರದೇ ಅಂತ ಬಿಟ್ಟುಕೊಟ್ಟ ಮನೆಯಲ್ಲಿ ಅರ್ಧ ಜಗಳ ಕಡಮೆ ಅನ್ನುವುದು ನಾನು ಕಂಡ ಮಾತು. ಹಾಗೆ ಬಿಟ್ಟುಕೊಟ್ಟ ಮೇಲೆ ಉಪ್ಪು ಹೆಚ್ಚಾಯಿತು ಅನ್ನಬಾರದು, ಅದೇ ಕಷ್ಟ.

ಇರಲಿ. ಕ್ಯಾಥರೀನ್ ತನ್ನ ಗೋಳು ಹೇಳಿ ನಿಲ್ಲಿಸುವುದಿಲ್ಲ. ಒಡಹುಟ್ಟಿದವಳಿಗೆ ಭವಿಷ್ಯವನ್ನೂ ಹೇಳುತ್ತಾಳೆ. ನಿನ್ನ ಮಗನೂ ಒಂದು ದಿನ ಮದುವೆ ಆಗುತ್ತಾನೆ. ಈ ಮನೆ ಮಾರುತ್ತಾನೆ. ಆಗ ನೀನೂ ನನ್ನ ಹಾಗೆಯೇ. ಅಂಗಡಿಯ ಹೆಂಗಸರಂತೆ ಮಗನ ಮದುವೆ ಮದುವೆ ಅಂತ ಜಪ ಮಾಡುತ್ತಿದ್ದ ಥೆರೆಸಾಳ ಮುಖದಲ್ಲಿ ಮೊದಲ ಸಲ ಭಯ ಕಾಣುತ್ತದೆ. ಆ ಭಯ ಹೊತ್ತುಕೊಂಡು ಮನೆಗೆ ಬರುತ್ತಾಳೆ. ಅಲ್ಲಿ ಕೂತಿದ್ದಾಳೆ ಕ್ಲಾರಾ!

ಥೆರೆಸಾ ಅತಿಥಿಯನ್ನು ಆದರಿಸುತ್ತಾಳೆ, ಆಮೇಲೆ ಅಕ್ಕನ ಸಮಾಚಾರ ತೆಗೆಯುತ್ತಾಳೆ. ಸೊಸೆ ಮನೆಯಿಂದ ಹೊರಡಿಸಿದಳು, ಇದು ಸರಿಯೇ ಅಂತ ಕೇಳುತ್ತಾಳೆ. ಪಾಪದ ಟೀಚರು ಇದು ಪರೀಕ್ಷೆ ಅಂತ ತಿಳಿಯದೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತಾಳೆ. ಅತ್ತೆ ಸೊಸೆ ಒಂದೇ ಮನೆಯಲ್ಲಿರುವುದು ಕಷ್ಟ, ತಾಯಂದಿರು ಮಕ್ಕಳನ್ನೇ ಅಷ್ಟೊಂದು ನೆಚ್ಚಿಕೊಂಡಿರಬಾರದು. ಕಾಲೇಜಿನಲ್ಲಿ ಹಾಗೆ ಕಲಿಸುತ್ತಾರೇನೋ, ನೀನೂ ತಾಯಾಗು, ಗೊತ್ತಾಗುತ್ತದೆ ಅನ್ನುವಂತೆ ಥೆರೆಸಾ ತಣ್ಣಗೆ ಮಾತು ಮುಗಿಸುತ್ತಾಳೆ. ಕ್ಲಾರಾಳ ಮಾತು ತಪ್ಪಲ್ಲ. ಹೇಳಿದ ಹೊತ್ತು ಮಾತ್ರ ಕೆಟ್ಟದ್ದು. ಹದಿನೈದು ನಿಮಿಷ ಹಿಂದೆ ಕ್ಯಾಥರೀನಳ ಕೈ ನೋಡಿ ಬಂದ ತಾಯಿಗೆ ಅದು ಬೇರೆ ಥರ ಕೇಳಿಸಿತು.

ಭಾನುವಾರ ಬೆಳಿಗ್ಗೆ ಎಲ್ಲ ತಿರುಗುಮುರುಗು. ಕ್ಯಾಥರೀನ್ ಗಂಟುಮೂಟೆ ಸಮೇತ ಬಂದಿದ್ದಾಳೆ. ತಾಯಿಯನ್ನು ಕಳಿಸಿದ ತಪ್ಪು ಟಾಮಿಯನ್ನು ತಿನ್ನುತ್ತಿದೆ, ಹೆಂಡತಿಯ ಜೊತೆ ಸಿಡಿಮಿಡಿ. ಮಾರ್ಟಿ ಅಂಗಡಿ ಕೊಳ್ಳುವ ವಿಷಯ ಕೇಳಲು ಹೋದರೆ, ಯಾಕೆ ಬೇಕು ಅಂಗಡಿ, ಯಾಕೆ ಬೇಕು ಮದುವೆ ಅಂತ ಅವನ ಮೇಲೆ ಕಾರುತ್ತಾನೆ. ಥೆರೆಸಾ ಮಗನ ಹತ್ತಿರ ಶುರುಮಾಡುತ್ತಾಳೆ. ಆ ಹುಡುಗಿ ನನಗೆ ಹಿಡಿಸಲಿಲ್ಲ. ವಯಸ್ಸು ಹೇಳಿದ್ದಕ್ಕಿಂತ ಹೆಚ್ಚಿದ್ದಂತಿದೆ. ನಮ್ಮ ಪೈಕಿಯವಳಲ್ಲ, ಇಟಲಿಯವಳಲ್ಲ. ಊರಲ್ಲಿ ಇಟಲಿಯ ಹುಡುಗಿಯರಿಗೆ ಬರವೇ? ನಿನ್ನೆ ಸಂಜೆಯವರೆಗೆ ಯಾರಾದರೂ ಸರಿ, ಒಬ್ಬಳು ಬಂದರೆ ಸಾಕು ಅನ್ನುತ್ತಿದ್ದವಳು ಇವಳೇ ಕಣ್ರೀ! ಗೆಳೆಯ ಆಂಜಿಗೆ ತನ್ನನ್ನು ಬಿಟ್ಟುಹೋದನಲ್ಲಾ ಅಂತ ಕೋಪ. ಅವನೂ ಉಳಿದ ಗೆಳೆಯರೂ ‘ಅವಳೊಂದು ನಾಯಿ’ ಅನ್ನುತ್ತಾರೆ.

ಎರಡೂವರೆ ಆಗುತ್ತದೆ. ಮಾರ್ಟಿ ಫೋನ್ ಮಾಡುವುದಿಲ್ಲ. ಸಂಜೆಯಾಗುತ್ತದೆ. ಮಾಡುವುದಿಲ್ಲ. ಕ್ಲಾರಾ ತಂದೆತಾಯಿಯ ನಡುವೆ ಟಿ.ವಿ. ಮುಂದೆ ಕೂತಿದ್ದಾಳೆ. ಟಿ.ವಿ.ಯಲ್ಲಿ ನಗು ನಡೆದಿದೆ. ಅವಳ ಕಣ್ಣು ತುಂಬಿ ಬರುತ್ತದೆ, ಒರೆಸಿಕೊಳ್ಳುವುದೂ ಇಲ್ಲ. ಯಾರೂ ಏನೂ ಕೇಳುವುದಿಲ್ಲ. ‘ಊರಿಗೆ ಹೋಗಿ ತಿಳಿಸುತ್ತೇವೆ’ ಅಂತ ಹೇಳಿ ಹೋದವರ ಕಡೆಯಿಂದ ಏನೂ ಬಾರದೆ ಕಾಯುವ ಮನೆಗಳನ್ನು ನೀವೂ ನೋಡಿದ್ದೀರಿ. ಆ ಮನೆಗಳಲ್ಲಿ ಸಂಜೆ ಹೀಗೆಯೇ ಇರುತ್ತದೆ. ಟಿ.ವಿ. ದನಿ ಮಾತ್ರ ಸ್ವಲ್ಪ ಜೋರು.

ಆ ಹುಡುಗಿಯನ್ನು ಎರಡು ಸಲ ಬಿಟ್ಟುಹೋದರು. ಮೊದಲ ಸಲ ಒಬ್ಬ ಅಪರಿಚಿತ. ಅವನು ನೀಚ, ಆದರೆ ಅವಳಿಗೆ ಅವನು ಯಾರೂ ಅಲ್ಲ. ಎರಡನೆಯ ಸಲ ಬಿಟ್ಟದ್ದು ಅವಳ ಮೇಲೆ ಮನಸ್ಸಿಟ್ಟವನು. ಬಿಡಿಸಿದವರು ಅವನನ್ನು ಪ್ರೀತಿಸುವ ಜನ, ಅದರಲ್ಲೂ ಮೊದಲಿಗಳು ಅವನ ತಾಯಿ. ಯಾರೂ ತಮಗೆ ನಿಜವಾಗಿ ಏನಾಗಿದೆ ಎಂದು ಹೇಳಲಿಲ್ಲ. ‘ನೀನು ಹೋದರೆ ನನ್ನ ಗತಿಯೇನು ಮಗಾ’ ಅಂತ ಥೆರೆಸಾ ಬಾಯಿಬಿಟ್ಟು ಕೇಳಿದ್ದರೆ ಮಾರ್ಟಿಯಂಥ ಮಗ ಉತ್ತರ ಹೇಳುತ್ತಿದ್ದ. ಅವಳು ಕೇಳಲಿಲ್ಲ. ಹುಡುಗಿಯ ವಯಸ್ಸು ಎಣಿಸಿದಳು, ಜಾತಿ ಎಣಿಸಿದಳು. ‘ನಿನ್ನ ಬಿಟ್ಟರೆ ನನಗೆ ಸಂಜೆ ಕಳೆಯಲು ಯಾರೂ ಇಲ್ಲ’ ಅನ್ನಲಾರದೆ ಆಂಜಿ ಅವಳ ಮೂತಿಯ ಮಾತಾಡಿದ. ಮಗುವಿನ ಹಾಲಿಗೆ ಒಂದು ಮನೆಯಲ್ಲಿ ನಡೆದ ಜಗಳ ಎಲ್ಲಿಂದೆಲ್ಲಿಗೋ ಹರಿದು, ಆ ಮನೆಯ ಮುಖವನ್ನೇ ನೋಡದ ಒಬ್ಬ ಟೀಚರ ಫೋನು ಹೊಡೆದುಕೊಳ್ಳದಂತೆ ಮಾಡಿತು.

ಥೆರೆಸಾಳ ಮೇಲೆ ನನಗೆ ಕೋಪ ಬಂತು, ನಿಜ. ಆದರೆ ಅವಳನ್ನು ದುಷ್ಟೆ ಅನ್ನಲು ಬಾಯಿ ಬರುವುದಿಲ್ಲ. ಚಿತ್ರ ತೆಗೆದವರಿಗೂ ಬಂದಿಲ್ಲ. ಎಸ್ತರ್ ಮಿನ್ಸಿಯೋಟ್ಟಿ ಎಂಬ ಹಿರಿಯ ನಟಿ ಆ ತಾಯಿಯನ್ನು ಮಾಡಿದ್ದಾರೆ. ಮಗನ ಎದುರು ಹುಡುಗಿಯ ದೂರು ಹೇಳುವಾಗ ಆಕೆ ಕಣ್ಣು ತಪ್ಪಿಸುವುದನ್ನು ನೋಡಿ. ತಾನು ಆಡುತ್ತಿರುವುದು ತನ್ನ ಮಾತಲ್ಲ, ಅಕ್ಕನ ಮಾತು ಅಂತ ಆಕೆಗೆ ಗೊತ್ತು.

ಭಾನುವಾರ ರಾತ್ರಿ. ಅದೇ ಗೆಳೆಯರು, ಅದೇ ಪ್ರಶ್ನೆ, ಏನು ಮಾಡೋಣ, ನೀನೇ ಹೇಳು. ಮಾರ್ಟಿಗೆ ಇದ್ದಕ್ಕಿದ್ದಂತೆ ತಡೆಯದಾಗುತ್ತದೆ. ನಿಮಗೆ ಅವಳು ಹಿಡಿಸೊಲ್ಲ, ಅಮ್ಮನಿಗೆ ಹಿಡಿಸೊಲ್ಲ, ಅವಳು ಚೆಲುವೆ ಅಲ್ಲ, ನಾನೂ ಅಲ್ಲ. ನಿನ್ನೆ ಅವಳ ಜೊತೆ ನನಗೆ ಸಂತೋಷವಾಗಿತ್ತು, ನನಗೆ ಗೊತ್ತಿರುವುದು ಅಷ್ಟೇ. ಇಂಥ ಸಂಜೆಗಳು ಇನ್ನಷ್ಟು ಬಂದರೆ ಮೊಣಕಾಲೂರಿ ನನ್ನನ್ನು ಮದುವೆಯಾಗು ಅಂತ ಬೇಡುತ್ತೇನೆ ಅಂದು ಟೆಲಿಫೋನ್ ಗೂಡಿಗೆ ನುಗ್ಗುತ್ತಾನೆ. ಬಾಗಿಲಲ್ಲಿ ನಿಂತ ಆಂಜಿಗೆ, ಅಂಗಡಿಯಲ್ಲಿ ಹೆಂಗಸರು ತನಗೆ ಕೇಳುತ್ತಿದ್ದ ಅದೇ ಪ್ರಶ್ನೆ, ನಿನ್ನ ಮದುವೆ ಯಾವಾಗ, ನಾಚಿಕೆಯಾಗೊಲ್ಲವೇ ಅಂತ ನಗುತ್ತಾ ಕೇಳಿ ಬಾಗಿಲು ಎಳೆದುಕೊಳ್ಳುತ್ತಾನೆ. ಕ್ಲಾರಾಳ ಹೆಸರು ಹಿಡಿದು ಕರೆಯುವುದು ಕೇಳಿಸುತ್ತದೆ. ಅಲ್ಲಿಗೆ ಸಿನಿಮಾ ಮುಗಿಯಿತು.

ಅವಳು ಏನಂದಳು? ತೋರಿಸುವುದಿಲ್ಲ. ಬೆಳಿಗ್ಗೆ ಥೆರೆಸಾ ಏನಂದಳು? ಅದೂ ಇಲ್ಲ. ಮಗಳಿಗೆ ಇದು ಸಂತೋಷದ ಮುಕ್ತಾಯ. ನನಗೆ ಲೆಕ್ಕ ಬೇರೆ ಹತ್ತಿತು. ಮದುವೆಯಾದರೆ ಆ ಮನೆಯಲ್ಲಿ ಮಾರ್ಟಿ, ಕ್ಲಾರಾ, ಥೆರೆಸಾ, ಮೇಲೆ ಕ್ಯಾಥರೀನ್. ಒಂದು ಒಲೆಗೆ ಮೂವರು ಹೆಂಗಸರು! ಅವಳು ಪೋರ್ಟ್‌ಚೆಸ್ಟರಿನ ಆ ಕೆಲಸ ಬಿಡದೆ ಇರಲಿ, ಬೆಳಿಗ್ಗೆ ಎದ್ದು ಶಾಲೆಗೆ ಹೋಗುತ್ತಿರಲಿ, ಅಡಿಗೆಮನೆ ಅಕ್ಕತಂಗಿಯರ ಪಾಲಿಗಿರಲಿ ಅಂತ ನಾನು ಮನಸ್ಸಿನಲ್ಲೇ ಏರ್ಪಾಡು ಮಾಡಿಬಿಟ್ಟೆ. ನೀವು ನೋಡಿದರೆ ನಿಮ್ಮ ಏರ್ಪಾಡು ಏನಂತ ಬರೆದು ಕಳಿಸಿ.